ನನ್ನ ತಾಯಿಯ ಬಾಳಿಗೆ ನೂರಕ್ಕೆ ತೊಂಬತ್ತೊಂದು

ರೋಗಿಗಳ ಜೀವನ ಗುಣಮಟ್ಟ ಅಳೆಯುವ ಮಾನ್ಯ ಅಧಿಕಾರಿಗಳೇ,

ರಕ್ತದ ಕ್ಯಾನ್ಸರಿನಿಂದ ದಿನದಿನಕ್ಕೆ ಸೊರಗುತ್ತಿರುವ ನನ್ನ ತಾಯಿ ಸಕೀನಾಬಿಯ ಬಾಳಿಗೆ ತಮ್ಮ ಕಚೇರಿ ನೂರಕ್ಕೆ ತೊಂಬತ್ತೊಂದು ಅಂಕ ಕೊಟ್ಟಿದೆ. ಇಷ್ಟು ಸುಖವಾಗಿರುವವರಿಗೆ ವಾಹನವೇಕೆಂದು, ಪ್ರತಿ ಗುರುವಾರ ರಕ್ತ ಹಾಕಿಸಲು ಅವಳನ್ನು ಕರೋಶಿಯಿಂದ ಬೆಳಗಾವಿಗೆ ಒಯ್ಯುತ್ತಿದ್ದ ಗಾಡಿಯನ್ನೂ ನಿಲ್ಲಿಸಿದೆ. ಅಭಿನಂದನೆ ಯಾರಿಗೆ ಹೇಳಲಿ, ಅವಳಿಗೋ ತಮಗೋ? ನಾನು ಹೈಸ್ಕೂಲು ಶಿಕ್ಷಕಿ, ಹದಿನೆಂಟು ವರ್ಷದಿಂದ ಪೇಪರು ತಿದ್ದುತ್ತಿದ್ದೇನೆ. ತೊಂಬತ್ತೊಂದು ಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನನಗೇ ಒಮ್ಮೆಯೂ ಬಂದಿಲ್ಲ.

ಆ ಅಂಕ ಹೇಗೆ ಬಂತು ಎಂಬುದಕ್ಕೆ ನಾನೇ ಸಾಕ್ಷಿ. ತಮ್ಮ ಕಚೇರಿಯ ಮಯೂರಿ ಎಂಬ ಹುಡುಗಿ ಫಾರ್ಮು ಹಿಡಿದು ಮನೆಗೆ ಬಂದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನ್ನ ತಕರಾರಿಲ್ಲ.

"ದಣಿವ ಆಗತೈತೇನ್ರಿ ಚಾಚಿ?"

"ಏ ಇಲ್ಲವಾ, ಆರಾಮ ಅದೀನಿ. ಬಿಸಲಾಗ ಬಂದಿ, ಮದಲ ಚಾ ಕುಡಿ."

"ನಿದ್ದಿ ಬರತೈತ್ರಿ?"

"ಭೇಷ್ ಬರತೈತಿ."

"ಮನಿ ಕೆಲಸ ಮಾಡಾಕ ಆಗತೈತ್ರಿ?"

ಅಷ್ಟರಲ್ಲಿ ಅಮ್ಮಿ ಚಹಾ ಇಡಲು ಎದ್ದೇಬಿಟ್ಟಿದ್ದಳು. ಗೋಡೆ ಹಿಡಿದು, ಎರಡು ಕಡೆ ನಿಂತು, ಒಲೆಯವರೆಗೆ ಹೋದಳು. ನಾನು ಏಳಲು ಹೋದರೆ ಕಣ್ಣಲ್ಲೇ ಗದರಿದಳು. ಮಯೂರಿ 'ಸಾಧ್ಯ' ಎಂಬಲ್ಲಿ ಗುರುತು ಹಾಕಿಕೊಂಡಳು. ಅವಳು ಹೊಸ್ತಿಲು ದಾಟಿದ್ದೇ ತಡ, ಅಮ್ಮಿ ಒಲೆಯ ಮುಂದೆಯೇ ಕುಸಿದಳು. ವಸಡಿನ ರಕ್ತ ಒರೆಸುತ್ತ ನಾನು ಸಿಟ್ಟಿನಿಂದ, "ಯಾಕ ಸುಳ್ಳ ಹೇಳಿದಿ ಅಮ್ಮಿ?" ಎಂದೆ.

"ಪಾವ್ಣ್ಯಾರ ಮುಂದ ಜಡ್ಡಿನ ಸುದ್ದಿ ಹೇಳ್ಕೋತ ಕುಂದರ್ಲೇನ ಬೇ? ಪಾಪ, ಅರ್ಧಾ ಚಾ ಬಿಟ್ಟ ಹೋತು ಹುಡುಗಿ."

ಮಾನ್ಯರೇ, ನಮ್ಮ ಕಡೆ ಮನೆಗೆ ಬಂದವರು ಹೇಗಿದ್ದೀರಿ ಎಂದರೆ ಆರಾಮ ಎನ್ನುವುದು ಮರ್ಯಾದೆ. ಚಿಕ್ಕೋಡಿಯಿಂದ ಅಥಣಿಯವರೆಗೆ ಇದು ಸಣ್ಣ ಮಕ್ಕಳಿಗೂ ಗೊತ್ತು. ಫಾರ್ಮು ಮಾಡಿದ ಪಂಡಿತರಿಗೆ ಮಾತ್ರ ಯಾಕೆ ಗೊತ್ತಿಲ್ಲ? ಹೋಗಲಿ, ಅವಳ ರಕ್ತದ ರಿಪೋರ್ಟು ತಮ್ಮ ಫೈಲಿನಲ್ಲೇ ಇದೆಯಲ್ಲ. ಅದಕ್ಕೂ ಅತಿಥಿಗಳೆಂದರೆ ಸಂಕೋಚವೇ? ಅದನ್ನು ತೆರೆದು ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲವೇ?

ಗಾಡಿ ನಿಂತ ಮೊದಲ ಗುರುವಾರ ಬಸ್ಸಿನಲ್ಲಿ ಹೊರಟೆವು. ಚಿಕ್ಕೋಡಿ ಸ್ಟ್ಯಾಂಡಿನಲ್ಲೇ ಅವಳಿಗೆ ಎಚ್ಚರ ತಪ್ಪಿತು, ಅಲ್ಲಿಂದಲೇ ಮರಳಿದೆವು. ಎರಡನೆಯ ಗುರುವಾರ ನೆರೆಯವರ ಕಾರು ಸಿಕ್ಕಿತು. ಮೊನ್ನೆಯದಕ್ಕೆ ಯಾವುದೂ ಸಿಗಲಿಲ್ಲ. ಈಗ ಅವಳು ಎದ್ದು ಕೂರುವುದಿಲ್ಲ. ನನಗೆ ಹೆದರಿಕೆಯಾಗಿದೆ.

ಮತ್ತೊಮ್ಮೆ ಅಳೆಯಿರೆಂದು ಅರ್ಜಿ ಕೊಟ್ಟೆ. ಆರು ತಿಂಗಳ ನಂತರ ಎಂದು ತಾವು ಉತ್ತರಿಸಿದ್ದೀರಿ. ಡಾಕ್ಟರು ಅವಳಿಗೆ ಹೇಳಿರುವುದು ಎರಡೇ ತಿಂಗಳು, ಅದೂ ವಾರ ತಪ್ಪದೆ ರಕ್ತ ಹಾಕಿಸಿದರೆ. ಈ ಪತ್ರದಿಂದ ಏನಾದರೂ ಆದೀತೆಂಬ ಆಸೆ ನನಗೇನೂ ಇಲ್ಲ. ಆದರೂ ಕೇಳುತ್ತೇನೆ, ಬರುವ ಗುರುವಾರ ಗಾಡಿ ಕಳಿಸಿ. ಅದಾಗದಿದ್ದರೆ ಆರು ತಿಂಗಳ ನಂತರದ ಆ ಮಾಪನಕ್ಕೆ ಬೇರೆ ಯಾರನ್ನೂ ಕಳಿಸದೆ ತಾವೇ ಬನ್ನಿ. ಆಗ ಮನೆಯಲ್ಲಿ ಉತ್ತರ ಹೇಳಲು ನಾನೊಬ್ಬಳೇ ಇರುತ್ತೇನೆ, ಮತ್ತು ನಾನು ನಿಜ ಹೇಳುತ್ತೇನೆ.

ಇಂತಿ,
ಆವತ್ತು ಬಾಯಿ ಬಿಡದೆ ಕುಳಿತಿದ್ದ ಮಗಳು,
ವಾಜಿದಾ, ಕರೋಶಿ