ಅಕ್ಕ ಬೀಳುವ ಮೊದಲು ಬೇಕಾದ ನಾಲ್ಕು ಗುರುವಾರಗಳು

ಬಸ್ ಡಿಪೋದ ರಜಾ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಮ್ಮ ಅಕ್ಕ ಇನ್ನೂ ಬಿದ್ದಿಲ್ಲ. ಅದೇ ನಮ್ಮ ತಪ್ಪೆಂದು ನಿಮ್ಮ ಕಚೇರಿ ಲಿಖಿತವಾಗಿ ತಿಳಿಸಿದೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಆಸ್ಪತ್ರೆಯವರು ನಡೆಸುವ ತರಬೇತಿಗಾಗಿ ನಾಲ್ಕು ಗುರುವಾರಗಳ ಬೆಳಗಿನ ರಜೆ ಕೇಳಿದ್ದೆ. 'ರೋಗಿ ಸದ್ಯ ಪರಾವಲಂಬಿಯಲ್ಲ. ಆ ಸ್ಥಿತಿ ಬಂದ ನಂತರ ಅರ್ಜಿ ಸಲ್ಲಿಸುವುದು' ಎಂದು ಬರೆದು ಮೊಹರು ಒತ್ತಿದ್ದೀರಿ. ನಾನು ನಿಮ್ಮ ಡಿಪೋದಲ್ಲೇ ಬ್ರೇಕ್ ರಿಪೇರಿ ಮಾಡುವವನು. 'ಬ್ರೇಕ್ ಕೈಕೊಡುವ ಮೊದಲೇ ಪರೀಕ್ಷಿಸಿ' ಎಂದು ನಮ್ಮ ತಲೆಯ ಮೇಲಿನ ಗೋಡೆಯಲ್ಲಿ ಕೆಂಪು ಅಕ್ಷರಗಳಲ್ಲಿ ಬರೆಸಿದವರು ಯಾರು? ಬಸ್ಸು ಹಳ್ಳಕ್ಕೆ ಬಿದ್ದ ನಂತರ ಅರ್ಜಿ ಸಲ್ಲಿಸುವುದು ಎಂದು ಅಲ್ಲೇಕೆ ಬರೆಸಲಿಲ್ಲ?

ಅಕ್ಕ ದರ್ಜಿ. ತಾಯಿ ತೀರಿದ ಮೇಲೆ ನನ್ನನ್ನು ಸಾಕಿದ್ದು ಅವಳ ಹೊಲಿಗೆ ಯಂತ್ರ. ಈಗ ಅವಳ ಸ್ನಾಯುಗಳು ಒಂದೊಂದಾಗಿ ಸೋಲುತ್ತಿವೆ. ಒಂದೆರಡು ವರ್ಷದಲ್ಲಿ ಕಾಲು, ಕೈ, ಆಮೇಲೆ ಮಾತು ಹೋಗುತ್ತದೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅವಳು ಅಳುತ್ತಾ ಕೂರಲಿಲ್ಲ. ಬೆರಳುಗಳು ಹೇಳಿದಂತೆ ಕೇಳುತ್ತಿರುವಾಗಲೇ, ಮುಂದೆ ನಾನು ಅವಳನ್ನು ಎತ್ತಿ ಕೂರಿಸಲಿಕ್ಕೆಂದು, ದಪ್ಪ ಕ್ಯಾನ್ವಾಸಿನಲ್ಲಿ ನಾಲ್ಕು ಹಿಡಿಕೆಗಳ ಸೊಂಟಪಟ್ಟಿ ಹೊಲಿದಳು. ಅದನ್ನು ಕಟ್ಟಿಕೊಂಡು, "ಟ್ರಯಲ್ ನೋಡದೆ ಗಿರಾಕಿಗೆ ಬಟ್ಟೆ ಕೊಟ್ಟವಳಲ್ಲ ನಾನು. ಬಾರೋ, ಎತ್ತು ನೋಡೋಣ," ಎಂದಳು.

ಎತ್ತಿದೆ, ಬಸ್ಸಿನ ಚಕ್ರ ಎತ್ತುವ ಗತ್ತಿನಲ್ಲಿ. ಅವಳು ವಾಲಿದಾಗ ಗಾಬರಿಯಿಂದ ಪಟ್ಟಿ ಬಿಟ್ಟು ತೋಳು ಹಿಡಿದೆಳೆದೆ. ಭುಜದ ಕೀಲು ಜಾರಿತು. ಕಾರ್ಮಿಕ ಸಂಘದ ಕರಪತ್ರಗಳನ್ನು ಓದಿ ಲೋಕವನ್ನೇ ಎತ್ತಿ ನಿಲ್ಲಿಸುತ್ತೇನೆಂದು ಮೆರೆಯುತ್ತಿದ್ದ ನನಗೆ ಐವತ್ತು ಕಿಲೋದ ಅಕ್ಕನನ್ನು ಕುರ್ಚಿಯಿಂದ ಮಂಚಕ್ಕೆ ದಾಟಿಸಲು ಬರಲಿಲ್ಲ.

ಇನ್ನು ನಿಮ್ಮ ಕಚೇರಿಯ ಕರುಣೆ ಕೇಳಿ. ವಿಷಯ ತಿಳಿದ ಗುಮಾಸ್ತರು ಮುಖವರಳಿಸಿ, "ಗಾಯದ ಸರ್ಟಿಫಿಕೇಟ್ ತಗೊಂಡ್ ಬಾಪ್ಪ, ಈಗ ರಜೆ ಆಗುತ್ತೆ," ಎಂದರು. ಅಂದರೆ ಕಲಿಯಲು ರಜೆಯಿಲ್ಲ, ಕಲಿಯದೆ ಕೀಲು ಜಾರಿಸಿದರೆ ಉಂಟು. ಇದನ್ನು ಅಕ್ಕನಿಗೆ ಹೇಳಿದೆ. ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದವಳು ನಗಲಿಲ್ಲ. "ಈಗ ನೋವಾದ್ರೆ ಹೇಳ್ತೀನಿ ಕಣೋ. ಹೇಳೋಕೇ ಆಗದಾಗ ನೀನು ಹಿಂಗೇ ಎಳೆದ್ರೆ?"

ಇದಕ್ಕೆ ನಿಮ್ಮ ಯಾವ ನಿಯಮದಲ್ಲಿ ಉತ್ತರವಿದೆ? ಆ ಸರ್ಟಿಫಿಕೇಟನ್ನು ನಾನು ತರುವುದಿಲ್ಲ. ನಾಲ್ಕು ಗುರುವಾರ ಕೊಡಿ. ನನಗಷ್ಟೇ ಅಲ್ಲ, ಮನೆಯಲ್ಲಿ ಇಂಥ ದಿನ ಬರುತ್ತಿರುವುದನ್ನು ಕಾಣುತ್ತಿರುವ ಪ್ರತಿಯೊಬ್ಬ ಕೆಲಸಗಾರನಿಗೂ ಕೊಡಿ. ಕೊಡದಿದ್ದರೂ ಬರುವ ಗುರುವಾರ ನಾನು ತರಬೇತಿಯಲ್ಲೇ ಇರುತ್ತೇನೆ. ಪಟ್ಟಿ ಕಟ್ಟಿಕೊಂಡು ಅಕ್ಕನೂ ಬರುತ್ತಾಳೆ. ಎಲ್ಲಿ ಹಿಡಿದರೆ ನೋಯುತ್ತದೆ ಎಂಬುದನ್ನು ಅವಳ ಬಾಯಿಂದಲೇ ಕೇಳಿ ಕಲಿಯಬೇಕಿದೆ. ನೀವು ಗೈರುಹಾಜರಿ ಎಂದು ಬರೆದುಕೊಳ್ಳಿ.

ಇಂತಿ,
ಅಕ್ಕನ ಭುಜ ಜಾರಿಸಿದ ಕೈಯಿಂದಲೇ ಇದನ್ನು ಬರೆದ
ನಿಮ್ಮ ಬ್ರೇಕ್ ಮೆಕ್ಯಾನಿಕ್