ಮೂಲೆಯಿಲ್ಲದ ಕಟ್ಟಡ

11 ಸೆಪ್ಟೆಂಬರ್ 2016, ಠಾಕುರ್ಲಿ

ಇವತ್ತೂ ಇವರು ಪೇಪರ್ ಬಿಡಿಸಲಿಲ್ಲ. ಮಡಿಸಿದ್ದನ್ನು ಹಾಗೆಯೇ ನನ್ನ ಕಡೆ ತಳ್ಳಿದರು. “ಓದು ಮಾರಾಯ್ತಿ, ಕೇಳುವ.” ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಡವರಿಸಿ ಓದುವುದನ್ನು ಕೇಳಿ ಇವರಿಗೆ ಎಂತ ಸುಖ? ತಮಾಷೆಯೋ... ಮುಖ ಹಾಗಿರಲಿಲ್ಲ.

ಮಗಳು ಶ್ರೀಪ್ರಿಯಾ ಮಾಡಿದ ಮೇಜು ಕೊರಿಯಾದ ಸಿಯೋಲ್‌ನ ಡಿಸೈನ್ ಪ್ಲಾಜಾದಲ್ಲಿ ಎಕ್ಸಿಬಿಶನ್‌ಗೆ ಸೆಲೆಕ್ಟ್ ಆಗಿದೆ. ಅವಳು ಹೋಗಲಿ, ಸರಿ. ಇವರೂ ಹೊರಟಿದ್ದಾರೆ. ನನ್ನನ್ನೂ ಹೊರಡಿಸಿದ್ದಾರೆ. ಡೊಂಬಿವ್ಲಿಯ ತಮ್ಮ ಹೋಟೆಲ್ ಬಿಟ್ಟು ಮುಂಬಯಿಯ ಎಲಿಫೆಂಟಾ ಗುಹೆ ಸಹ ನೋಡದ ಮನುಷ್ಯ!

“ಪಕ್ಷಮಾಸದಲ್ಲಿ ವಿಮಾನ ಹತ್ತುವುದಾ? ಮುಂದಿನ ವರ್ಷ ಇನ್ನೊಂದು ಬರ್ತದೆ” ಎಂದೆ.

“ಮುಂದಿನ ವರ್ಷದ್ದು ಬೇಡ. ಈಗಲೇ ಹೋಗ್ಬೇಕು.”

ಈಗಲೇ ಯಾಕೆ? ಏನೋ ಇದೆ.

15 ಸೆಪ್ಟೆಂಬರ್

ಮೈದುನ ಸಂಕರ್ಷಣ ಪದೇ ಪದೇ ಬರುತ್ತಿದ್ದಾನೆ. ಇವರಿಲ್ಲದಾಗ ಹೋಟೆಲ್ ನೋಡಿಕೊಳ್ಳುವವನು. ಬಾಲ್ಕನಿಯಲ್ಲಿ ಅಣ್ಣ-ತಮ್ಮ ಪಿಸಪಿಸ. ಚಹಾ ಕೊಂಡುಹೋದರೆ ಬಾಯಿ ಬಂದ್.

“ಎಂತದು?”

“ಎಂತದೂ ಇಲ್ಲ ಅತ್ತಿಗೆ. ಗ್ಯಾಸ್ ಸಿಲಿಂಡರ್ ವಿಷಯ.”

ಸಿಲಿಂಡರಿಗೆ ಇಷ್ಟು ಗುಟ್ಟೇ?

ಮಗಳೂ ಸೇರಿದ್ದಾಳೆ. ಬಾಗಿಲು ಹಾಕಿಕೊಂಡು ಅಪ್ಪನ ಜೊತೆ ಮಾತು. ಅಲ್ಲಿಯ ಹುಡುಗ ಯಾರಾದರೂ... ಅವನನ್ನು ತೋರಿಸಲು ಕರೆದೊಯ್ಯುತ್ತಿದ್ದಾರಾ? ದೇವಸ್ಥಾನಕ್ಕೆ ಅಂತ ಹೊರಡಿಸಿ ಹುಡುಗಿ ತೋರಿಸಿದ ಹಾಗೆ. ನನ್ನನ್ನೂ ಉಡುಪಿಯಲ್ಲಿ ಹಾಗೆಯೇ ತೋರಿಸಿದ್ದರು. ಹೇಳದೆ, ಕೇಳದೆ.

22 ಸೆಪ್ಟೆಂಬರ್, ಸಿಯೋಲ್, ಬೆಳಿಗ್ಗೆ

ರೂಮಿನಲ್ಲಿ ಅವಲಕ್ಕಿ ನೆನೆಸಿ ತಿಂದೆವು. “ಅಮ್ಮ, ಹಸಿರು ಸೀರೆ ಪೆಹೆನೋ ನಾ, ಫೋಟೋ ಬರ್ತದೆ” ಎಂದಳು. ಒಳ್ಳೆಯ ಸೀರೆ ಯಾಕೆ? ಹುಡುಗನ ಸಂಗತಿಯೇ.

ಸಂಜೆ

ಹುಡುಗನಿಲ್ಲ. ಹುಡುಗನಾಗಿದ್ದರೆ ಒಳ್ಳೆಯದಿತ್ತು.

ಕಟ್ಟಡ ಹೊರಗಿಂದ ತೊಳೆದು ಬೋರಲು ಹಾಕಿದ ಹಂಡೆ. ಒಳಗೆ ಎಲ್ಲಾ ಬಿಳಿ. ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಸುರುವಾಯಿತು ತಿಳಿಯುವುದಿಲ್ಲ. ಕೈಯಿಡಲು ಒಂದು ಮೂಲೆ ಇಲ್ಲ. ಇವರು ಕೆರೆಗೆ ಇಳಿಯುವವರ ಹಾಗೆ ಕಾಲು ಮುಂದೆ ಚಾಚಿ ನಡೆದರು. ಮಗಳು ತೋಳು ಹಿಡಿದಿದ್ದಳು. ಪ್ರೀತಿ ಅಂದುಕೊಂಡೆ. ಆಮೇಲೆ ಕಿವಿಗೆ ಬಿತ್ತು— “ಪಪ್ಪ, ದೋ ಸ್ಟೆಪ್. ಬಸ್, ಆಯ್ತು.”

ಅವಳ ಮೇಜೂ ಬಿಳಿ, ಬಿಳಿ ಕಟ್ಟೆಯ ಮೇಲೆ. ಹೋಟೆಲಿನಲ್ಲಿ ನಿಂತು ತಿಂದು ಲೋಕಲ್ ಟ್ರೈನ್ ಹಿಡಿಯುವವರಿಗಾಗಿ ಮಾಡಿದ್ದು. ಬ್ಯಾಗ್ ಸಿಕ್ಕಿಸಲು ಕೊಕ್ಕೆಯೂ ಇದೆ. ಇವರು ಅದನ್ನು ದಾಟಿಯೇ ಹೋದರು. ಆಚೆ ವಾಚ್‌ಮನ್‌ನ ಕೆಂಪು ಸ್ಟೂಲ್ ಖಾಲಿ ಇತ್ತು. ಅದರ ಮುಂದೆ ನಿಂತರು. ಸವರಿದರು.

“ಚಂದ ಮಾಡಿದ್ದಿ ಮಗಾ. ಗಟ್ಟಿ ಉಂಟು.”

ವಾಚ್‌ಮನ್ ನಕ್ಕ. ನಾನೂ ನಕ್ಕೆ, ಇವರ ಜೋಕ್ ಅಂತ. ಮಗಳು ನಗಲಿಲ್ಲ. “ಥ್ಯಾಂಕ್ಸ್ ಪಪ್ಪ” ಅಂದಳು. ತಿದ್ದಲಿಲ್ಲ.

ಟಾಯ್ಲೆಟ್ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದೆ. “ಯಾವಾಗಿಂದ?”

“ಮಾರ್ಚ್‌ನಲ್ಲಿ ಗೊತ್ತಾಯ್ತು. ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರಲ್ಲ ಅಮ್ಮ. ಉಳಿದದ್ದನ್ನು ಉಳಿಸ್ಲಿಕ್ಕೆ ನಾಲ್ಕನೇ ತಾರೀಖು ಥಾಣೆಯ ಆಸ್ಪತ್ರೆಯಲ್ಲಿ ಆಪರೇಶನ್. ಅದಕ್ಕೆ ಮುಂಚೆ ನನ್ನ ಮೇಜು ನೋಡ್ಬೇಕು ಅಂದ್ರು.”

“ನನಗೆ ಯಾಕೆ ಹೇಳಲಿಲ್ಲ?”

“ತೂ ಟೆನ್ಶನ್ ಘೇತೇಸ್ ನಾ, ತಲೆಬಿಸಿ ಮಾಡ್ಕೊಳ್ತೀ... ಪಪ್ಪನೇ ಬೇಡ ಅಂದ್ರು.”

ಹೇಳದಿದ್ದರೆ ಟೆನ್ಶನ್ ಇಲ್ಲವೇ?

27 ಸೆಪ್ಟೆಂಬರ್, ಠಾಕುರ್ಲಿ

ನನಗೆ ಗೊತ್ತಾದದ್ದು ಇವರಿಗೆ ಗೊತ್ತಿಲ್ಲ. ಮಗಳ ಬಾಯಿ ಮುಚ್ಚಿಸಿದ್ದೇನೆ. ಇವರೇ ಹೇಳುತ್ತಾರಾ ನೋಡುವ.

ಹೋಟೆಲಿಗೆ ಹೊರಟಾಗ ಹಿಂದೆಯೇ ಹೋದೆ, ಕಾಣದಂತೆ. ಕಾಣದಂತೆ ಅಂತ ಬರೆದು ನಾಚಿಕೆಯಾಯಿತು. ಗುರುತಿನ ದಾರಿ, ಸರಸರ ನಡೆದರು. ನನಗೆ ತಿಳಿಯದೆ ಹೋದದ್ದು ಹೀಗೆಯೇ. ಹೋಟೆಲ್ ಹತ್ತಿರ ರಸ್ತೆ ಹೊಸದಾಗಿ ಅಗೆದಿದ್ದರು. ಅಲ್ಲಿ ನಿಂತುಬಿಟ್ಟರು. ಹಿಂದಿನವರು ಬೈದರು— “ಕಾಕಾ, ಚಲಾ ನಾ!” ನಾನು ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ... ಸಂಕರ್ಷಣ ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದ.

ಅವನಿಗೂ ಗೊತ್ತು. ಇನ್ನು ಯಾರಿಗೆಲ್ಲ?

3 ಅಕ್ಟೋಬರ್, ಬೆಳಿಗ್ಗೆ

“ನಾಳೆ ಕಲ್ಯಾಣ್‌ನಲ್ಲಿ ಹೋಟೆಲಿನವರ ಮೀಟಿಂಗ್. ರಾತ್ರಿ ಬರುವುದಿಲ್ಲ” ಎಂದರು. ಎಷ್ಟು ಸಲೀಸಾದ ಸುಳ್ಳು! ಬೇರೆ ಎಷ್ಟು ಹೇಳಿದ್ದಾರೋ.

“ಕಲ್ಯಾಣ್ ಅಲ್ಲ, ಥಾಣೆ” ಎಂದೆ. “ಎಷ್ಟು ಗಂಟೆಗೆ ಅಡ್ಮಿಟ್?”

ಕುರ್ಚಿ ತಡವಿ ಕೂತರು.

“ಮಗು ಹೇಳಿದಳಾ?”

ಸ್ಟೂಲಿನ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಇವರು ಮೇಜು ನೋಡಿ ಬಂದಿದ್ದಾರೆ, ಅಷ್ಟೇ.

“ನಾಳೆ ನಾನೂ ಬರ್ತೇನೆ.”

“ನೀನು ಅಲ್ಲಿ ಅಳ್ಲಿಕ್ಕುಂಟು.”

“ಅಳ್ತೇನೆ. ನಿಮಗೆಂತ?”

ನಕ್ಕರೋ, ಏನೋ. ಕೈ ಚಾಚಿದರು, ನಾನಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ. ನಾನೇ ಸರಿದೆ, ಆ ಕೈ ಇದ್ದಲ್ಲಿಗೆ.