ಅಮೀನರು ಮೆಚ್ಚಿದ ಮುಂಜಾವು

ರಾಯಚೂರು, ೧೧ ನವೆಂಬರ್ ೧೯೪೫, ರವಿವಾರ

ಇಂದಿನ ಬರಹಗಾರರ ಕೂಟದ ಸಿಟ್ಟು ಇನ್ನೂ ಇಳಿದಿಲ್ಲ. ಅಧ್ಯಕ್ಷ ಶಾಮರಾಯರು ಹೋದ ವಾರ ಕೊಟ್ಟ ವಿಷಯ ‘ನಾನು ಕಂಡ ಮುಂಜಾವು’. ಓದಿದವರೆಲ್ಲರ ಮುಂಜಾವಿನಲ್ಲೂ ಕೋಗಿಲೆ ಕೂಗಿತು. ಈ ಊರಿನ ಬಂಡೆಗಳ ನಡುವೆ, ಕಾರ್ತಿಕ ಮಾಸದಲ್ಲಿ!

ಕೊನೆಗೆ ಮಾನ್ವಿ ಕಡೆಯ ಕುರ್ಡಿ ಹಳ್ಳಿಯ ಗದ್ದೆಪ್ಪ ಓದಿದ. ಬೆಳಕು ಹರಿಯುವ ಮೊದಲೇ ಗೌಡನ ಆಳು ಬಂದು ಅವನ ತಾಯಿಯನ್ನು ಬಿಟ್ಟಿ ಕೆಲಸಕ್ಕೆ ಎಳೆದೊಯ್ದದ್ದು, ಗೌಡನ ಹೆಸರಿನ ಸಮೇತ. ಶಾಮರಾಯರು ಮೂಗು ಮುರಿದರು. “ಇದು ಪೇಪರಿನ ಸುದ್ದಿ ಆತಲ್ಲೋ, ಸಾಹಿತ್ಯ ಎಲ್ಲದ?”

ಕೂಟದ ಮೇಲೆ ಕಣ್ಣಿಡಲು ಬರುವ ಪೊಲೀಸ್ ಅಮೀನರಿಗೆ ಕನ್ನಡ ಬಾರದು. ಪ್ರತಿ ಬರಹದ ಸಾರವನ್ನು ನಮ್ಮ ಬುರ್ಹಾನುದ್ದೀನ್ ಉರ್ದುವಿನಲ್ಲಿ ಹೇಳುತ್ತಾನೆ. ಒಬ್ಬ ತಾಯಿ ನಸುಕಿನಲ್ಲೆದ್ದು ಊರಿನ ಸೇವೆಗೆ ಹೊರಟಳು ಎಂದು ಅವನು ನಗದೆ ಹೇಳಿದ. ಅಮೀನರು “ಬಹುತ್ ಖೂಬ್!” ಎಂದು ತಲೆದೂಗಿದರು.

ತಕ್ಷಣ ಶಾಮರಾಯರಿಗೂ ಅದು ಸಾಹಿತ್ಯವಾಯಿತು. ಬರುವ ತಿಂಗಳು ಮಾನ್ವಿಯ ಸಭೆಯಲ್ಲಿ ಗದ್ದೆಪ್ಪನೇ ಅದನ್ನು ಓದಬೇಕೆಂದು ಠರಾವು ಮಾಡಿದರು. ಥೂ!

ಹೊರಗೆ ಬಂದ ಮೇಲೆ ಬುರ್ಹಾನುದ್ದೀನ್ ಗದ್ದೆಪ್ಪನ ತೋಳು ಹಿಡಿದ. “ಲೇ, ಮಾನ್ವ್ಯಾಗ ನಿಮ್ಮ ಗೌಡ ಮುಂದಿನ ಸಾಲಿನ್ಯಾಗ ಕುಂತಿರ್ತಾನ. ಅವಂಗ ನನ್ನ ಉರ್ದು ಬೇಕಾಗಿಲ್ಲ. ಹೆಸರರೆ ತೆಗಿಯೋ.”

“ನಮ್ಮವ್ವನ್ನ ಕೇಳ್ತೀನ್ರಿ. ನಾಳಿ ಗೌಡನ ಮನಿಗಿ ದುಡಿಯಾಕ ಹೋಗಾಕಿ ಆಕಿ.”

ಠರಾವು ಮಾಡಿದ ಮಹನೀಯರಿಗೆ ಆಕೆಯ ನೆನಪೇ ಬರಲಿಲ್ಲ. ಆಕೆ ‘ಓದು’ ಎಂದರೆ ಗದ್ದೆಪ್ಪನ ಜೊತೆಗೆ ಮಾನ್ವಿಗೆ ನಾನೂ ಹೋಗಬೇಕು. ಶಾಮರಾಯರಿಗಂತೂ ಅಂದು ಜ್ವರ ಬಂದಿರುತ್ತದೆ.